ಕಡಿಮೆ ವೋಲ್ಟೇಜಿನ ಪವರ್ ಸಪ್ಲೈಗೆ ಬ್ರಿಜ್ ರೆಕ್ಟಿಫೈಯರ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಮೇಜಿನ ಬಳಿ ಬಂದು ನಿಂತವರು, ಪತ್ರ ಬರೆದವರು, ಫೋನ್ ಮಾಡಿದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಬೇರೆ ಹೇಳದ ಕಡೆಯಲ್ಲೆಲ್ಲ ಉದಾಹರಣೆ ಒಂದೇ: ಪ್ರೈಮರಿ 230 ವೋಲ್ಟ್, ಸೆಕೆಂಡರಿ 0-12 ವೋಲ್ಟ್, 2 ಆಂಪಿಯರ್ ಎಂದು ಚೀಟಿ ಅಂಟಿಸಿದ ಸಾಮಾನ್ಯ ಟ್ರಾನ್ಸ್‌ಫಾರ್ಮರ್, ಅದರ ಮುಂದೆ ಎಸಿಯನ್ನು ಡಿಸಿ ಮಾಡುವ ಒಂದು ಬ್ರಿಜ್, ಬ್ರಿಜ್‌ನ ಮುಂದೆ ಆ ಡಿಸಿಯ ಏರಿಳಿತ ತಗ್ಗಿಸುವ ಒಂದು ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್.

## ಮೊದಲು ತಿಳಿಯಬೇಕಾದದ್ದು

ಬ್ರಿಜ್ ಅಂದರೆ ನಾಲ್ಕು ಡಯೋಡ್ ತಾನೇ ಸರ್, ಅದಕ್ಕೆ ಇಷ್ಟೊಂದು ರೇಟಿಂಗ್ ಯಾಕೆ?

ಹೌದು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕೇ ಡಯೋಡ್. ಎಸಿಯ ಒಂದು ಅರ್ಧ ಆವರ್ತದಲ್ಲಿ ಎದುರುಬದುರಿನ ಎರಡು ಡಯೋಡ್‌ಗಳು ಕರೆಂಟ್ ಹಾಯಿಸುತ್ತವೆ, ಇನ್ನೊಂದು ಅರ್ಧದಲ್ಲಿ ಉಳಿದೆರಡು. ಈ ಜೋಡಣೆಗೆ 1896ರಲ್ಲಿ ಕರೋಲ್ ಪೊಲಾಕ್ ಪೇಟೆಂಟ್ ಪಡೆದರು. ಮರುವರ್ಷ ಲಿಯೋ ಗ್ರೇಟ್ಜ್ ಅದನ್ನೇ ಸ್ವತಂತ್ರವಾಗಿ ಪ್ರಕಟಿಸಿದ್ದರಿಂದ ಹಳೆಯ ಪುಸ್ತಕಗಳಲ್ಲಿ ಅದು ಗ್ರೇಟ್ಜ್ ಸರ್ಕ್ಯೂಟ್ ಎಂಬ ಹೆಸರಿನಲ್ಲಿ ಕಾಣಿಸುತ್ತದೆ.

ರೇಟಿಂಗ್‌ಗಳು ಹಲವು ಇರುವುದಕ್ಕೆ ಕಾರಣ, ಡಯೋಡ್ ಸಾಯುವ ದಾರಿಗಳೂ ಹಲವು. ತಿರುಗು ದಿಕ್ಕಿನ ವೋಲ್ಟೇಜ್ ಮಿತಿ ಮೀರಿದರೆ ಅದು ಕ್ಷಣಮಾತ್ರದಲ್ಲಿ ಹೋಗುತ್ತದೆ. ಸ್ವಿಚ್ ಹಾಕಿದಾಗ ಒಮ್ಮೆಲೇ ನುಗ್ಗುವ ಸರ್ಜ್ ಕರೆಂಟ್ ಹೆಚ್ಚಾದರೆ ಕೆಲವು ಮಿಲಿಸೆಕೆಂಡಿನಲ್ಲಿ ಹೋಗುತ್ತದೆ. ಸರಾಸರಿ ಕರೆಂಟ್ ಹೆಚ್ಚಾದರೆ ಗಂಟೆಗಟ್ಟಲೆ ಬೆಂದು ಹೋಗುತ್ತದೆ. ನಾನು ಬಿಚ್ಚಿ ನೋಡಿದ ಕಡಿಮೆ ವೋಲ್ಟೇಜಿನ ಸಪ್ಲೈಗಳಲ್ಲಿ ಹೆಚ್ಚಿನವು ಈ ಮೂರನೆಯ ದಾರಿಯಲ್ಲೇ ಕೆಟ್ಟಿದ್ದವು. ಆದರೆ ಜನ ಮೊದಲು ವಿಚಾರಿಸುವುದು ವೋಲ್ಟೇಜನ್ನು.

12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ, ಮೀಟರ್ 20 ವೋಲ್ಟ್ ತೋರಿಸುತ್ತಿದೆ. ಬ್ರಿಜ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಚೀಟಿಯ ಮೇಲಿನ 12 ವೋಲ್ಟ್ ಎನ್ನುವುದು ಪೂರ್ತಿ 2 ಆಂಪ್ ಎಳೆಯುತ್ತಿರುವಾಗಿನ ಆರ್‌ಎಂಎಸ್ (ಅಲೆಯ ಪರಿಣಾಮಕಾರಿ) ಬೆಲೆ. ಲೋಡ್, ಅಂದರೆ ಕರೆಂಟ್ ಎಳೆಯುವ ಸಾಧನ, ಇಲ್ಲದಾಗ ಇಂತಹ ಸಣ್ಣ ಟ್ರಾನ್ಸ್‌ಫಾರ್ಮರ್ ಶೇಕಡಾ 15ರಷ್ಟು ಹೆಚ್ಚು, ಅಂದರೆ 13.8 ವೋಲ್ಟ್ ಕೊಡುವುದು ಸಹಜ. ಮನೆಯ ಲೈನ್ 245 ವೋಲ್ಟ್ ಇದ್ದರೆ ಅದು 14.7 ಆಗುತ್ತದೆ. ಕೆಪಾಸಿಟರ್ ತುಂಬಿಕೊಳ್ಳುವುದು ಅಲೆಯ ತುದಿಯವರೆಗೆ, ಅಂದರೆ ಇದರ 1.414 ಪಟ್ಟು, 20.8 ವೋಲ್ಟ್‌ವರೆಗೆ. ಎರಡು ಡಯೋಡ್‌ಗಳ ಇಳಿತವಾಗಿ ಸುಮಾರು 1 ವೋಲ್ಟ್ ಕಳೆದರೆ ನಿಮ್ಮ ಮೀಟರ್ ತೋರಿಸಿದ 20 ಸಿಗುತ್ತದೆ.

ಲೈನ್ 253 ವೋಲ್ಟ್‌ಗೆ ಏರಿದಾಗ ಈ ತುದಿ 21.5 ವೋಲ್ಟ್ ಆಗುತ್ತದೆ. ಮುಂದಿನ ಎಲ್ಲ ಲೆಕ್ಕಕ್ಕೂ ಇದನ್ನೇ ಬಳಸುತ್ತೇನೆ. 25 ವೋಲ್ಟಿನ ಕೆಪಾಸಿಟರ್ ಇಲ್ಲಿ ತೀರಾ ಅಂಚಿಗೆ ಬರುತ್ತದೆ. 35 ವೋಲ್ಟಿನದನ್ನು ಹಾಕಿ.

50 ವೋಲ್ಟಿನ ಡಯೋಡ್ ಕೇಳಿದರೆ ಅಂಗಡಿಯವರು 1000 ವೋಲ್ಟಿನದನ್ನೇ ಕೊಡುತ್ತಾರೆ. ಹಾಕಬಹುದಾ?

ಧಾರಾಳವಾಗಿ ಹಾಕಬಹುದು. ಬ್ರಿಜ್‌ನಲ್ಲಿ ಕರೆಂಟ್ ಹಾಯಿಸದೆ ಕುಳಿತಿರುವ ಡಯೋಡ್ ತಡೆಯಬೇಕಾದ ವೋಲ್ಟೇಜ್ ಹೆಚ್ಚುಕಡಿಮೆ ಅಲೆಯ ತುದಿಯಷ್ಟೇ, ಅಂದರೆ 21.5 ವೋಲ್ಟ್. ಲೈನಿನಲ್ಲಿ ಬರುವ ಹಠಾತ್ ಏರಿಕೆಗಳಿಗಾಗಿ ಅದರ ಎರಡು ಪಟ್ಟಿಗಿಂತ ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯ ರೂಢಿ. ಆ ಲೆಕ್ಕದಲ್ಲಿ 50 ವೋಲ್ಟ್ ಸಾಕಾಗುತ್ತದೆ, 100 ವೋಲ್ಟ್ ನೆಮ್ಮದಿ. 1000 ವೋಲ್ಟಿನ 1ಎನ್4007 ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಡಿದು ತಾಲ್ಲೂಕಿನ ರೇಡಿಯೋ ಅಂಗಡಿಯವರೆಗೆ ಎಲ್ಲೆಡೆ ಸಿಗುವ ಮಾಲು, ಅದರಿಂದ ತೊಂದರೆಯಿಲ್ಲ. ವೋಲ್ಟೇಜ್ ಮಿತಿ ಹೆಚ್ಚಿದೆಯೆಂದು ಅದು ಹೆಚ್ಚು ಕರೆಂಟ್ ತಾಳುತ್ತದೆ ಎಂದು ಮಾತ್ರ ಭಾವಿಸಬೇಡಿ. 1ಎನ್4001 ಆಗಲಿ 4007 ಆಗಲಿ, ಎರಡೂ 1 ಆಂಪಿನವೇ.

ಹೆಸರಿನಲ್ಲೇ ರೇಟಿಂಗ್ ಬರೆದಿರುತ್ತದೆ ಎನ್ನುತ್ತಾರೆ. ಓದುವುದು ಹೇಗೆ?

ಕೆಬಿಪಿಸಿ3510 ಎಂದರೆ 35 ಆಂಪ್, 1000 ವೋಲ್ಟ್; ಕೊನೆಯ 10ನ್ನು ನೂರರಿಂದ ಗುಣಿಸಿ. ಜಿಬಿಯು806 ಎಂದರೆ 8 ಆಂಪ್, 600 ವೋಲ್ಟ್. ದುಂಡಗಿನ ಡಬ್ಲ್ಯೂ04ಎಂ 400 ವೋಲ್ಟಿನದು. ಆದರೆ ಡಿಬಿ107ರಲ್ಲಿ 7 ಎಂದರೆ 700 ಅಲ್ಲ. ಅದು 1ಎನ್4007ರಂತೆ ಕ್ರಮಸಂಖ್ಯೆ: 1ರಿಂದ 7ರವರೆಗೆ ಕ್ರಮವಾಗಿ 50, 100, 200, 400, 600, 800, 1000 ವೋಲ್ಟ್. ಕೆಲವು ತಯಾರಕರು ಅಂಕಿಯ ಬದಲು ಅಕ್ಷರ ಬಳಸುತ್ತಾರೆ. ಅಲ್ಲಿ ಜಿ ಎಂದರೆ 400, ಜೆ ಎಂದರೆ 600, ಎಂ ಎಂದರೆ 1000. ಹೆಸರು ಇಷ್ಟನ್ನು ಮಾತ್ರ ಹೇಳುತ್ತದೆ. ಆ ಆಂಪ್ ಯಾವ ತಾಪದಲ್ಲಿ, ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಇದ್ದಾಗಲೋ ಇಲ್ಲದಾಗಲೋ ಎಂಬುದು ತಿಳಿಯಬೇಕಾದರೆ ತಯಾರಕರ ವಿವರಪಟ್ಟಿಯಾದ ಡೇಟಾಶೀಟ್ ತೆರೆಯಲೇಬೇಕು.

ಮಲ್ಟಿಮೀಟರಿನಲ್ಲಿ ಬ್ರಿಜ್ ಪರೀಕ್ಷೆ ಮಾಡುವುದು ಹೇಗೆ?

ಬೋರ್ಡಿನಿಂದ ಬ್ರಿಜ್ ತೆಗೆದು ಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ. ಕೆಂಪು ಕಡ್ಡಿಯನ್ನು − ಕಾಲಿಗೆ ಇಟ್ಟು, ಕಪ್ಪನ್ನು ಎರಡೂ ಎಸಿ ಕಾಲುಗಳಿಗೆ ಒಂದೊಂದಾಗಿ ಮುಟ್ಟಿಸಿ, ಎರಡರಲ್ಲೂ 0.5 ವೋಲ್ಟ್ ಆಸುಪಾಸು ಬರಬೇಕು. ಬಳಿಕ ಕಪ್ಪನ್ನು + ಕಾಲಿಗೆ ಇಟ್ಟು ಕೆಂಪನ್ನು ಎಸಿ ಕಾಲುಗಳಿಗೆ ಮುಟ್ಟಿಸಿದರೂ ಅಷ್ಟೇ. ಕಡ್ಡಿಗಳನ್ನು ಅದಲುಬದಲು ಮಾಡಿದಾಗ ಏನೂ ತೋರಿಸಬಾರದು. ಎರಡು ಎಸಿ ಕಾಲುಗಳ ನಡುವೆ ಯಾವ ದಿಕ್ಕಿನಲ್ಲೂ ಏನೂ ತೋರಿಸಬಾರದು. ಒಂದು ಡಯೋಡ್ ಶಾರ್ಟ್ ಆಗಿದ್ದರೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ ಅಥವಾ ಫ್ಯೂಸ್ ಹೋಗುತ್ತದೆ. ಒಂದು ಓಪನ್ ಆಗಿದ್ದರೆ ಸಪ್ಲೈ ನಡೆಯುತ್ತಲೇ ಇರುತ್ತದೆ, ಆದರೆ 100 ಹರ್ಟ್ಜ್ ಇರಬೇಕಾದ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) 50 ಹರ್ಟ್ಜ್‌ಗೆ ಇಳಿದು ಆಂಪ್ಲಿಫೈಯರಿನಲ್ಲಿ ದಪ್ಪ ಹಮ್ ಕೇಳಿಸುತ್ತದೆ.

## ಕರೆಂಟ್ ಮತ್ತು ಬಿಸಿ

2 ಆಂಪಿನ ಟ್ರಾನ್ಸ್‌ಫಾರ್ಮರಿನಿಂದ 2 ಆಂಪ್ ಡಿಸಿ ಯಾಕೆ ಸಿಗುವುದಿಲ್ಲ?

ಕೆಪಾಸಿಟರ್ ಇರುವ ಸಪ್ಲೈಯಲ್ಲಿ ಬ್ರಿಜ್ ಇಡೀ ಹೊತ್ತು ಕರೆಂಟ್ ಹಾಯಿಸುವುದಿಲ್ಲ. ಅಲೆಯ ತುದಿ ಕೆಪಾಸಿಟರಿನ ವೋಲ್ಟೇಜನ್ನು ಮೀರುವ ಸ್ವಲ್ಪ ಹೊತ್ತಿನಲ್ಲಿ, ಪ್ರತಿ 10 ಮಿಲಿಸೆಕೆಂಡಿಗೆ ಎರಡು ಮೂರು ಮಿಲಿಸೆಕೆಂಡ್ ಮಾತ್ರ, ಇಡೀ ಅವಧಿಗೆ ಬೇಕಾದ ಕರೆಂಟನ್ನು ಒಂದೇ ಉಸಿರಿಗೆ ತುಂಬಿಸುತ್ತದೆ. ಹಾಗಾಗಿ ಆ ಹೊತ್ತಿನ ಕರೆಂಟ್ ಡಿಸಿ ಕರೆಂಟಿನ ಮೂರು ನಾಲ್ಕು ಪಟ್ಟು ಇರುತ್ತದೆ. ತಂತಿಯ ಸುತ್ತು ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ. ಸರಾಸರಿ ಒಂದೇ ಇದ್ದರೂ ಹೀಗೆ ಮಿಡಿದು ಬರುವ ಕರೆಂಟ್ ಹೆಚ್ಚು ಬಿಸಿಮಾಡುತ್ತದೆ. ಆದ್ದರಿಂದ ಸೆಕೆಂಡರಿಯ ಎಸಿ ರೇಟಿಂಗನ್ನು 0.62ರಿಂದ ಗುಣಿಸಿ ಡಿಸಿ ಮಿತಿ ಕಂಡುಕೊಳ್ಳುವುದು ರೂಢಿ. ನಮ್ಮ ಉದಾಹರಣೆಗೆ ಅದು 1.24 ಆಂಪ್.

ಡಿಬಿ107 ಕೂಡ 1 ಆಂಪ್, 1ಎನ್4007 ಕೂಡ 1 ಆಂಪ್. ಎರಡೂ ಒಂದೇ ಅಲ್ಲವಾ?

ಅಲ್ಲ. ಡಿಬಿ107ರ 1 ಆಂಪ್ ಎಂದರೆ ಇಡೀ ಬ್ರಿಜ್ ಹೊರಗೆ ಕೊಡುವ ಡಿಸಿ. 1ಎನ್4007ರ 1 ಆಂಪ್ ಎಂದರೆ ಒಂಟಿ ಡಯೋಡಿನ ಸರಾಸರಿ. ಬ್ರಿಜ್‌ನಲ್ಲಿ ಪ್ರತಿ ಡಯೋಡ್ ಅರ್ಧ ಹೊತ್ತು ಮಾತ್ರ ದುಡಿಯುವುದರಿಂದ ಅದರ ಪಾಲಿಗೆ ಬರುವುದು ಡಿಸಿ ಕರೆಂಟಿನ ಅರ್ಧ; ಕಾಗದದ ಮೇಲೆ ನಾಲ್ಕು 1ಎನ್4007 ಸೇರಿ 2 ಆಂಪ್ ಕೊಡಬೇಕು.

ಕಾಗದದ ಮೇಲೆ ಎಂದೆ. ಆ ರೇಟಿಂಗ್ ನಿಲ್ಲುವುದು ಸುತ್ತಲಿನ ಗಾಳಿ 75 ಡಿಗ್ರಿ ಮೀರದಿದ್ದಾಗ, ಡಯೋಡಿನ ಕಾಲಿನ ಉದ್ದ 9.5 ಮಿಲಿಮೀಟರ್ ಇದ್ದಾಗ. ಈ ಡಯೋಡಿನ ಬಿಸಿ ಮುಖ್ಯವಾಗಿ ಹೊರಗೆ ಹೋಗುವುದು ಆ ಎರಡು ಕಾಲುಗಳ ಮೂಲಕ ಪಿಸಿಬಿಯ (ಸರ್ಕ್ಯೂಟ್ ಬೋರ್ಡಿನ) ತಾಮ್ರಕ್ಕೆ. ಹಳೆಯ ಬೋರ್ಡುಗಳನ್ನು ಬೆಳಕಿಗೆ ಹಿಡಿದು ನೋಡಿ: ಬೋರ್ಡಿಗೆ ಅಂಟಿಸಿ ಕೂರಿಸಿದ ಡಯೋಡ್‌ಗಳ ಕೆಳಗೆ ಕಾಫಿ ಚೆಲ್ಲಿದಂತೆ ಕಂದು ಕಲೆ, ತಾಮ್ರದ ಎಳೆ ಬೋರ್ಡಿನಿಂದ ಸಿಪ್ಪೆಯಂತೆ ಎದ್ದಿರುವುದು, ಬೆಸುಗೆಯ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ಉಂಗುರದ ಬಿರುಕು. ಡಯೋಡನ್ನು 5 ಮಿಲಿಮೀಟರ್ ಎತ್ತರಿಸಿ ಕೂರಿಸಿದರೆ, ಬೆಸುಗೆ ಹಾಕುವ ಕಡೆ ತಾಮ್ರವನ್ನು ಅಗಲವಾಗಿ ಬಿಟ್ಟರೆ ಈ ಮೂರೂ ತಪ್ಪುತ್ತವೆ.

ಡೇಟಾಶೀಟಿನ ತಲೆಯಲ್ಲಿ ಶೇಕಡಾ 20 ಎಂದು ಸಣ್ಣ ಅಕ್ಷರದಲ್ಲಿ ಏನೋ ಬರೆದಿದೆ. ಅದು ನಮಗೆ ಅನ್ವಯಿಸುತ್ತದಾ?

ನಮಗೇ ಅನ್ವಯಿಸುತ್ತದೆ. ಆ ಸಾಲಿನ ಅರ್ಥ: ಇಲ್ಲಿ ಕೊಟ್ಟ ಕರೆಂಟ್ ರೇಟಿಂಗ್ ರೆಸಿಸ್ಟರ್ ಅಥವಾ ಕಾಯಿಲ್‌ನಂತಹ ಲೋಡಿಗೆ, ಕೆಪಾಸಿಟರ್ ಇದ್ದರೆ ಅದರಲ್ಲಿ ಶೇಕಡಾ 20 ಕಡಿಮೆ ಮಾಡಿಕೊಳ್ಳಿ. ಪವರ್ ಸಪ್ಲೈ ಎಂದ ಮೇಲೆ ಕೆಪಾಸಿಟರ್ ಇದ್ದೇ ಇರುತ್ತದೆ. ಹಾಗಾಗಿ 1.24 ಆಂಪ್ ಡಿಸಿಗೆ ಕನಿಷ್ಠ 1.55 ಆಂಪಿನ ಬ್ರಿಜ್ ಬೇಕು. ನಾನು 3 ಆಂಪಿನದನ್ನು ಹಾಕುತ್ತೇನೆ. ಬೇಕಾದ ಡಿಸಿಯ ಎರಡು ಪಟ್ಟಿಗಿಂತ ಕಡಿಮೆ ರೇಟಿಂಗಿನ ಬ್ರಿಜ್ ಅನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಇಡಲು ನನಗೆ ಮನಸ್ಸು ಒಪ್ಪುವುದಿಲ್ಲ.

ಕೆಬಿಪಿಸಿ3510 ಮೇಲೆ 35 ಆಂಪ್ ಎಂದಿದೆ, 8 ಆಂಪಿಗೇ ಕೈ ಸುಡುತ್ತಿದೆ. ನಕಲಿ ಮಾಲಾ?

ನಕಲಿ ಮಾಲು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಆದರೆ ಅಸಲಿ ಬ್ರಿಜ್ ಕೂಡ ಹೀಗೆಯೇ ಸುಡುತ್ತದೆ. ಲೆಕ್ಕ ಹಾಕಿ ನೋಡಿ: ಯಾವ ಕ್ಷಣದಲ್ಲೂ ಎರಡು ಡಯೋಡ್‌ಗಳು ಸಾಲಾಗಿ ಕರೆಂಟ್ ಹಾಯಿಸುತ್ತಿರುತ್ತವೆ, ಒಂದೊಂದರಲ್ಲಿ ಸುಮಾರು 0.9 ವೋಲ್ಟ್ ಇಳಿಯುತ್ತದೆ. 1.8 ವೋಲ್ಟನ್ನು 8 ಆಂಪಿನಿಂದ ಗುಣಿಸಿದರೆ 14.4 ವ್ಯಾಟ್. ರೂಪಾಯಿ ನಾಣ್ಯಕ್ಕಿಂತ ಸ್ವಲ್ಪವೇ ದೊಡ್ಡದಾದ ಆ ಚೌಕದೊಳಗೆ ಒಂದು ಸಣ್ಣ ಸೋಲ್ಡರಿಂಗ್ ಐರನ್ ಸದಾ ಉರಿಯುತ್ತಿದೆ ಎಂದಾಯಿತು.

35 ಆಂಪ್ ಎಂಬುದಕ್ಕೆ ಡೇಟಾಶೀಟಿನಲ್ಲಿ ಒಂದು ಷರತ್ತಿದೆ: ಕವಚದ ತಾಪ 55 ಡಿಗ್ರಿ ಮೀರಬಾರದು. ಪೂರ್ತಿ 35 ಆಂಪ್ ಹರಿಯುವಾಗ ಒಳಗೆ 70 ವ್ಯಾಟ್ ಆಸುಪಾಸಿನ ಬಿಸಿ ಹುಟ್ಟುತ್ತದೆ. ಅಷ್ಟನ್ನು ಹೊರಹಾಕಿ ಕವಚವನ್ನು 55 ಡಿಗ್ರಿಯಲ್ಲಿ ಹಿಡಿದಿಡಲು ದೊಡ್ಡ ಹೀಟ್‌ಸಿಂಕಿಗೆ ಫ್ಯಾನ್ ಕೂಡ ಬೇಕು. ಬೇಸಿಗೆಯಲ್ಲಿ ಹೊರಗಿನ ತಾಪವೇ 40 ದಾಟುವ ರಾಯಚೂರು, ಕಲಬುರಗಿಯಲ್ಲಿ ಪೆಟ್ಟಿಗೆಯೊಳಗಿನ ಗಾಳಿ ಆಗಲೇ 50ಕ್ಕೆ ಬಂದಿರುತ್ತದೆ. ಅಲ್ಲಿ ಉಳಿಯುವುದು 5 ಡಿಗ್ರಿ ಅವಕಾಶ ಮಾತ್ರ. ಮೈಮೇಲೆ ಬರೆದ ಸಂಖ್ಯೆಯನ್ನು ಷರತ್ತಿನೊಡನೆ ಓದಬೇಕು ಎಂದು ನಾನು ಪಟ್ಟುಹಿಡಿದು ಹೇಳುವುದು ಇದಕ್ಕಾಗಿಯೇ.

ನಿಮ್ಮ 8 ಆಂಪಿಗೆ ಪರಿಹಾರ ಸುಲಭವಿದೆ. ಗಾಳಿ 50 ಡಿಗ್ರಿ ಇದ್ದಾಗಲೂ ಕವಚ 85 ಮೀರಬಾರದು ಎಂದುಕೊಂಡರೆ, 35 ಡಿಗ್ರಿಯನ್ನು 14.4 ವ್ಯಾಟಿನಿಂದ ಭಾಗಿಸಿ; ಪ್ರತಿ ವ್ಯಾಟಿಗೆ 2.4 ಡಿಗ್ರಿಗಿಂತ ಹೆಚ್ಚು ಏರದ ಹೀಟ್‌ಸಿಂಕ್ ಬೇಕು. ಬ್ರಿಜ್‌ನ ನಡುವಿನ ತೂತು ಇರುವುದೇ ಇದಕ್ಕೆ. ಅಲ್ಯೂಮಿನಿಯಂ ಮೇಲ್ಮೈ ಸಮತಟ್ಟಾಗಿರಲಿ, ಡ್ರಿಲ್ ಮಾಡಿದ ತೂತಿನ ಅಂಚಿನ ಚೂರುಗಳನ್ನು ಕೆರೆದು ತೆಗೆಯಿರಿ, ಹೀಟ್‌ಸಿಂಕ್ ಪೇಸ್ಟನ್ನು ತೆಳ್ಳಗೆ ಸವರಿ ಸ್ಕ್ರೂ ಬಿಗಿಯಿರಿ.

ಒಮ್ಮೆ ಭಜನಾ ಮಂದಿರದ ಆಂಪ್ಲಿಫೈಯರ್ ನನ್ನಲ್ಲಿಗೆ ಬಂದಿತ್ತು. ಹಿಂದೆ ರಿಪೇರಿ ಮಾಡಿದವರು ಇದೇ ಬ್ರಿಜ್ ಅನ್ನು, 35 ಆಂಪ್ ತಾನೇ ಎಂದು, ನಾಲ್ಕು ವೈರುಗಳ ಮೇಲೆ ಗಾಳಿಯಲ್ಲಿ ತೂಗಿಬಿಟ್ಟಿದ್ದರು. ವೈರಿನ ಪ್ಲಾಸ್ಟಿಕ್ ಎರಡು ಅಂಗುಲದವರೆಗೆ ಕಪ್ಪಾಗಿ ಗರಿಗರಿಯಾಗಿತ್ತು. ಲಗ್‌ಗಳ ಬೆಸುಗೆ ಬೂದು ಬಣ್ಣಕ್ಕೆ ತಿರುಗಿ, ಬೆರಳಿನಿಂದ ಅಲುಗಿಸಿದರೆ ಕಳಚಿ ಬರುತ್ತಿತ್ತು. ಬ್ರಿಜ್ ಮಾತ್ರ ಇನ್ನೂ ಸರಿಯಿತ್ತು. ಅದನ್ನೇ ಕ್ಯಾಬಿನೆಟ್ಟಿನ ಅಲ್ಯೂಮಿನಿಯಂ ತಳಕ್ಕೆ ಬಿಗಿದು, ವೈರು ಬದಲಿಸಿ ಕಳಿಸಿದೆ.

## ಸ್ವಿಚ್ ಹಾಕಿದ ಕ್ಷಣ

ಒಮ್ಮೆ ಶುರುವಾದರೆ ದಿನವಿಡೀ ನಡೆಯುತ್ತದೆ, ಆದರೆ ಸ್ವಿಚ್ ಹಾಕುವಾಗ ಮಾತ್ರ ಕೆಲವೊಮ್ಮೆ ಬ್ರಿಜ್ ಹೋಗುತ್ತದೆ. ಯಾಕೆ?

ಖಾಲಿ ಕೆಪಾಸಿಟರ್ ಮೊದಲ ಕ್ಷಣದಲ್ಲಿ ಶಾರ್ಟ್ ಸರ್ಕ್ಯೂಟಿನಂತೆ ವರ್ತಿಸುತ್ತದೆ. ಆಗ ಕರೆಂಟನ್ನು ತಡೆಯುವುದು ಟ್ರಾನ್ಸ್‌ಫಾರ್ಮರಿನ ಸುತ್ತುಗಳ ರೆಸಿಸ್ಟೆನ್ಸ್ ಒಂದೇ. ನಮ್ಮ ಚಿಕ್ಕ ಟ್ರಾನ್ಸ್‌ಫಾರ್ಮರಿನಲ್ಲಿ ಅದು ಒಟ್ಟು 1 ಓಮ್ ಇದೆ ಎಂದುಕೊಂಡರೆ 21.5 ಆಂಪ್ ನುಗ್ಗುತ್ತದೆ. 1ಎನ್4007ರ ಸರ್ಜ್ ಮಿತಿ 30 ಆಂಪ್, ಹಾಗಾಗಿ ಅದು ಬದುಕುತ್ತದೆ. ಆದರೆ 300 ವಿಎ ಸಾಮರ್ಥ್ಯದ ಟೊರಾಯ್ಡ್ (ಉಂಗುರಾಕಾರದ ಟ್ರಾನ್ಸ್‌ಫಾರ್ಮರ್), 30 ವೋಲ್ಟ್ ಸೆಕೆಂಡರಿ, ಒಟ್ಟು ರೆಸಿಸ್ಟೆನ್ಸ್ 0.2 ಓಮ್, ಮುಂದೆ 10,000 ಮೈಕ್ರೋಫ್ಯಾರಡ್ ಎಂದಾದರೆ 42 ವೋಲ್ಟಿಗೆ 210 ಆಂಪ್. ಕೆಬಿಪಿಸಿ3510ರ 400 ಆಂಪ್ ಸರ್ಜ್ ಮಿತಿ ಉಪಯೋಗಕ್ಕೆ ಬರುವುದು ಇಲ್ಲಿ. ದೊಡ್ಡ ಆಂಪ್ಲಿಫೈಯರುಗಳಲ್ಲಿ 3 ಆಂಪ್ ಡಿಸಿಗೂ 35 ಆಂಪಿನ ಬ್ರಿಜ್ ಹಾಕಿರುವುದನ್ನು ಕಂಡು ದುಂದು ಎಂದುಕೊಳ್ಳಬೇಡಿ.

ಪ್ರತಿ ಸಲವೂ ಹೋಗದೆ ಕೆಲವೊಮ್ಮೆ ಮಾತ್ರ ಹೋಗುವುದಕ್ಕೆ ಕಾರಣ, ಸ್ವಿಚ್ ಒತ್ತಿದಾಗ ಅಲೆ ಯಾವ ಬಿಂದುವಿನಲ್ಲಿತ್ತು ಎಂಬುದರ ಮೇಲೆ ನುಗ್ಗುವ ಕರೆಂಟ್ ನಿಂತಿದೆ. ಪ್ರೈಮರಿಯಲ್ಲಿ ಒಂದು ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಂತೆ ರೆಸಿಸ್ಟೆನ್ಸ್ ಇಳಿಯುವ ಭಾಗ), ಅಥವಾ ರೆಸಿಸ್ಟರ್ ಇಟ್ಟು ಸ್ವಲ್ಪ ಹೊತ್ತಿನ ಬಳಿಕ ರಿಲೇಯಿಂದ ಅದನ್ನು ಬದಿಗೊತ್ತುವ ಏರ್ಪಾಡು ಈ ತೊಂದರೆಯನ್ನು ನೀಗಿಸುತ್ತದೆ.

ಡೇಟಾಶೀಟಿನಲ್ಲಿ ಐ ಸ್ಕ್ವೇರ್ ಟಿ ಎಂಬ ಸಾಲಿದೆ. ಅದು ಯಾರಿಗೆ ಬೇಕು?

ಫ್ಯೂಸ್ ಆರಿಸುವವರಿಗೆ. ಸರ್ಜ್ ಮಿತಿಯ ವರ್ಗವನ್ನು ಅರ್ಧ ಆವರ್ತದ ಕಾಲದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಇದು ಸಿಗುತ್ತದೆ. ಈ ರೇಟಿಂಗ್‌ಗಳನ್ನು 60 ಹರ್ಟ್ಜ್ ಲೈನಿನ 8.3 ಮಿಲಿಸೆಕೆಂಡಿಗೆ ಕೊಡುವುದು ವಾಡಿಕೆ. ಆ ಪ್ರಕಾರ 1ಎನ್4007ಗೆ ಸುಮಾರು 3.7, ಕೆಬಿಪಿಸಿ3510ಗೆ ಸುಮಾರು 664 ಬರುತ್ತದೆ. ಫ್ಯೂಸ್ ಕರಗಲು ಬೇಕಾದ ಬೆಲೆ ಇದಕ್ಕಿಂತ ಕಡಿಮೆ ಇದ್ದರೆ ಮಾತ್ರ ಫ್ಯೂಸ್ ಮೊದಲು ಹೋಗಿ ಡಯೋಡ್ ಉಳಿಯುತ್ತದೆ. ಚಿಕ್ಕ ಡಯೋಡ್‌ಗಳ ಜೊತೆ ನಿಧಾನವಾಗಿ ಕರಗುವ ಫ್ಯೂಸ್ ಹಾಕಿದಾಗ ಹೆಚ್ಚಾಗಿ ಡಯೋಡೇ ಮೊದಲು ಹೋಗುತ್ತದೆ. ಆ ಫ್ಯೂಸ್ ಉಳಿಸುವುದು ಟ್ರಾನ್ಸ್‌ಫಾರ್ಮರನ್ನು.

## ವೋಲ್ಟೇಜ್ ಇಳಿತ

ನಮ್ಮೂರಿನಲ್ಲಿ ಸಂಜೆ ಲೈನ್ 180ಕ್ಕೆ ಇಳಿಯುತ್ತದೆ, ಪಂಪ್‌ಸೆಟ್ ಬೋರ್ಡಿನಲ್ಲಿ ಸ್ಥಿರ 12 ವೋಲ್ಟ್ ಕೊಡಬೇಕಾದ 7812 ರೆಗ್ಯುಲೇಟರಿನಿಂದ 12 ಬರುವುದಿಲ್ಲ. ಬ್ರಿಜ್ ಬದಲಿಸಬೇಕಾ?

ಬ್ರಿಜ್ ಬದಲಿಸಿ ಪ್ರಯೋಜನವಿಲ್ಲ. 180 ವೋಲ್ಟಿನಲ್ಲಿ 12 ವೋಲ್ಟಿನ ಸೆಕೆಂಡರಿ 9.4 ಕೊಡುತ್ತದೆ, ತುದಿ 13.3, ಬ್ರಿಜ್ ಕಳೆದರೆ 11.5. 7812ಗೆ ಒಳಬರುವ ವೋಲ್ಟೇಜ್ ರಿಪಲ್‌ನ ತಳದಲ್ಲೂ 14ರ ಮೇಲಿರಬೇಕು. ಇಳಿತ ಕಡಿಮೆ ಇರುವ ಶಾಟ್ಕಿ ಡಯೋಡ್ ಹಾಕಿದರೂ ಉಳಿಯುವುದು ಮುಕ್ಕಾಲು ವೋಲ್ಟ್ ಅಷ್ಟೇ. 18 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿ: 180ರಲ್ಲಿ ತುದಿ 19.9, ಬ್ರಿಜ್ ಮತ್ತು 2 ವೋಲ್ಟ್ ರಿಪಲ್ ಕಳೆದರೆ 16 ಉಳಿಯುತ್ತದೆ.

ಇನ್ನೊಂದು ತುದಿಯನ್ನೂ ನೋಡಬೇಕು. ನಡುರಾತ್ರಿ ಲೈನ್ 250 ಇದ್ದು ಲೋಡ್ ಇಲ್ಲದಾಗ ಇದೇ ಟ್ರಾನ್ಸ್‌ಫಾರ್ಮರ್ ಕೆಪಾಸಿಟರನ್ನು ಸುಮಾರು 31 ವೋಲ್ಟ್‌ವರೆಗೆ ತುಂಬಿಸುತ್ತದೆ. 7812 ತಾಳುವುದು 35 ವೋಲ್ಟ್, ಹಾಗಾಗಿ ತೊಂದರೆಯಿಲ್ಲ. ಕೆಪಾಸಿಟರ್ ಮಾತ್ರ 50 ವೋಲ್ಟಿನದಿರಲಿ, ಬ್ರಿಜ್ 100 ವೋಲ್ಟಿನದಿರಲಿ. ಅರ್ಧ ಆಂಪ್ ಎಳೆದರೆ ರೆಗ್ಯುಲೇಟರಿನಲ್ಲಿ 6 ವ್ಯಾಟ್‌ಗಿಂತ ಹೆಚ್ಚು ಬಿಸಿ ಹುಟ್ಟುತ್ತದೆ, ಅದಕ್ಕೆ ಒಳ್ಳೆಯ ಹೀಟ್‌ಸಿಂಕ್ ಕೊಡಿ.

12-0-12ಗೆ ಎರಡು ಶಾಟ್ಕಿ ಡಯೋಡ್ ಸಾಕು ಎಂದು ಸ್ನೇಹಿತರು ಹೇಳಿದರು. 1ಎನ್5822 ಹಾಕಲೇ?

ಹಾಕಬೇಡಿ. 12-0-12ರಂತೆ ಸೆಕೆಂಡರಿಯ ನಡುವಿನಿಂದಲೂ ತಂತಿ ಹೊರಬರುವ ಜೋಡಣೆಯಲ್ಲಿ ಕರೆಂಟಿನ ದಾರಿಗೆ ಒಂದೇ ಡಯೋಡ್ ಬರುವುದರಿಂದ ಇಳಿತ ಅರ್ಧವಾಗುತ್ತದೆ ಎಂಬುದು ನಿಜ. ಆದರೆ ಸುಮ್ಮನಿರುವ ಡಯೋಡಿನ ಮೇಲೆ ಬೀಳುವ ತಿರುಗು ವೋಲ್ಟೇಜ್ ಎರಡು ಪಟ್ಟಾಗಿ 43 ವೋಲ್ಟ್ ಮುಟ್ಟುತ್ತದೆ, 1ಎನ್5822ರ ಮಿತಿ 40. ಅದೇ ಡಯೋಡ್ ನಾಲ್ಕನ್ನು 0-12ರ ಬ್ರಿಜ್‌ನಲ್ಲಿ ಹಾಕಿದರೆ 21.5 ವೋಲ್ಟ್ ಮಾತ್ರ ಬೀಳುವುದರಿಂದ ಚೆನ್ನಾಗಿ ನಡೆಯುತ್ತದೆ. 12-0-12ರಿಂದ + ಮತ್ತು − ಎರಡೂ ಸಪ್ಲೈ ಪಡೆಯಲು ಬ್ರಿಜ್ ಹಾಕಿದಾಗಲೂ ಲೆಕ್ಕ 43 ವೋಲ್ಟಿನದೇ. ಶಾಟ್ಕಿಯಲ್ಲಿ ಬಿಸಿ ಏರಿದಂತೆ ತಿರುಗು ದಿಕ್ಕಿನ ಸೋರಿಕೆ ಹೆಚ್ಚುತ್ತದೆ, ಸೋರಿಕೆಯೇ ಮತ್ತಷ್ಟು ಬಿಸಿ ಹುಟ್ಟಿಸುತ್ತದೆ. ಅದನ್ನು ಅಂಚಿನಲ್ಲಿ ನಡೆಸಬಾರದು.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಹ್ಯಾಲೋಜನ್ ದೀಪದ 12 ವೋಲ್ಟ್ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿಗೆ ಡಿಬಿ107 ಹಾಕಿದೆ, ಅರ್ಧ ಆಂಪಿಗೇ ಸುಟ್ಟುಹೋಯಿತು. ರೇಟಿಂಗ್ ಸಾಕಿತ್ತಲ್ಲ?

ಆ ಪೆಟ್ಟಿಗೆಯಿಂದ ಬರುವ 12 ವೋಲ್ಟ್ 50 ಹರ್ಟ್ಜ್‌ನದಲ್ಲ, ಹತ್ತಾರು ಸಾವಿರ ಹರ್ಟ್ಜ್‌ನದು. ಸಾಮಾನ್ಯ ಡಯೋಡ್ ಕರೆಂಟ್ ಹಾಯಿಸಿದ ಬಳಿಕ ಮುಚ್ಚಿಕೊಳ್ಳಲು ಕೆಲವು ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. 50 ಹರ್ಟ್ಜ್‌ನಲ್ಲಿ ಅದು ಗಣನೆಗೇ ಬರುವುದಿಲ್ಲ. ಇಲ್ಲಿ ಮಾತ್ರ ಪ್ರತಿ ಆವರ್ತದ ದೊಡ್ಡ ಪಾಲು ಅದರಲ್ಲೇ ಕಳೆದು, ಆ ಹೊತ್ತಿನಲ್ಲಿ ಕರೆಂಟ್ ಹಿಂದಕ್ಕೆ ಹರಿದು ಡಯೋಡ್ ಬೇಯುತ್ತದೆ. ಇಲ್ಲಿ ಶಾಟ್ಕಿ, ಅಥವಾ 75 ನ್ಯಾನೋಸೆಕೆಂಡಿನಲ್ಲಿ ಮುಚ್ಚುವ ಯುಎಫ್4007ನಂತಹ ವೇಗದ ಡಯೋಡ್ ಬೇಕು.

ಬ್ಯಾಟರಿ ಉಲ್ಟಾ ಕೊಟ್ಟರೂ ನಡೆಯಲಿ ಎಂದು ಡಿಸಿ ದಾರಿಯಲ್ಲಿ ಬ್ರಿಜ್ ಇಟ್ಟಿದ್ದೇನೆ. ಅದೇ ಆಂಪ್ ಲೆಕ್ಕ ಸರಿಯಾ?

ಸರಿಯಾಗದು. ಎಸಿಯಲ್ಲಿ ಎರಡು ಜೋಡಿಗಳು ಸರದಿಯಂತೆ ದುಡಿದು ಬಿಡುವು ಪಡೆಯುತ್ತವೆ. ಡಿಸಿಯಲ್ಲಿ ಒಂದೇ ಜೋಡಿ ಬಿಡುವಿಲ್ಲದೆ ದುಡಿಯುತ್ತದೆ, ಬಿಸಿಯೆಲ್ಲ ಆ ಎರಡು ಚಿಪ್ಪುಗಳಲ್ಲೇ ಹುಟ್ಟುತ್ತದೆ. ಆದ್ದರಿಂದ ಬರೆದ ರೇಟಿಂಗಿನ ಅರ್ಧವನ್ನು ಮಿತಿಯೆಂದು ಇಟ್ಟುಕೊಳ್ಳಿ. 12 ವೋಲ್ಟಿನ ಬ್ಯಾಟರಿಯಲ್ಲಿ ಹೀಗೆ ಒಂದೂವರೆ ವೋಲ್ಟ್‌ಗೂ ಹೆಚ್ಚು ಕಳೆದುಹೋಗುತ್ತದೆ ಎಂಬುದೂ ಗಮನದಲ್ಲಿರಲಿ.

ಎರಡು 4 ಆಂಪಿನ ಬ್ರಿಜ್‌ಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದರೆ 8 ಆಂಪ್ ಆಗುತ್ತದಲ್ಲವಾ?

ಆಗುವುದಿಲ್ಲ. ಸಿಲಿಕಾನ್ ಡಯೋಡಿನ ಇಳಿತ ಪ್ರತಿ ಡಿಗ್ರಿ ಬಿಸಿಗೆ ಸುಮಾರು 2 ಮಿಲಿವೋಲ್ಟ್ ಕಡಿಮೆಯಾಗುತ್ತದೆ. ಸ್ವಲ್ಪ ಹೆಚ್ಚು ಬಿಸಿಯಾದ ಬ್ರಿಜ್ ಹೆಚ್ಚು ಕರೆಂಟ್ ಎಳೆದುಕೊಳ್ಳುತ್ತದೆ, ಅದರಿಂದ ಇನ್ನಷ್ಟು ಬಿಸಿಯಾಗುತ್ತದೆ. ಕೊನೆಗೆ ಹೊರೆ ಹೆಚ್ಚುಕಡಿಮೆ ಒಂದರ ಮೇಲೇ ಬೀಳುತ್ತದೆ. 8 ಆಂಪಿಗೆ ಒಂದೇ ದೊಡ್ಡ ಬ್ರಿಜ್ ತೆಗೆದುಕೊಳ್ಳಿ.

ರೇಡಿಯೋಗೆ ಹೊಸ ಸಪ್ಲೈ ಮಾಡಿದೆ. ಮೀಡಿಯಂ ವೇವ್‌ನಲ್ಲಿ ಆಕಾಶವಾಣಿ ಹಿಡಿದಾಗ ಮಾತ್ರ ಹಮ್, ಖಾಲಿ ಜಾಗದಲ್ಲಿ ಇಲ್ಲ. ಇದೂ ರೇಟಿಂಗ್ ಸಮಸ್ಯೆಯಾ?

ಬ್ರಿಜ್‌ನ ರೇಟಿಂಗ್ ಸರಿಯಿದ್ದರೂ ಬರುವ ತೊಂದರೆ ಇದು. ಡಯೋಡ್‌ಗಳು ಸೆಕೆಂಡಿಗೆ 100 ಸಲ ತೆರೆದು ಮುಚ್ಚುವಾಗ, ಮೇನ್ಸ್ ತಂತಿಗಳ ಮೂಲಕ ಒಳಬರುವ ಕೇಂದ್ರದ ಅಲೆಯನ್ನು ಅದೇ ತಾಳದಲ್ಲಿ ಕತ್ತರಿಸುತ್ತವೆ; ಹಾಗಾಗಿ ಹಮ್ ಕೇಂದ್ರದ ಜೊತೆಗೇ ಬಂದು ಅದರ ಜೊತೆಗೇ ಹೋಗುತ್ತದೆ. ಕೆಪಾಸಿಟರ್ ಎಷ್ಟು ದೊಡ್ಡದು ಮಾಡಿದರೂ ಇದು ತಗ್ಗುವುದಿಲ್ಲ. ನಾಲ್ಕೂ ಡಯೋಡ್‌ಗಳಿಗೆ ಅಡ್ಡಲಾಗಿ ಒಂದೊಂದು 0.01 ಮೈಕ್ರೋಫ್ಯಾರಡ್, 100 ವೋಲ್ಟಿನ ಸೆರಾಮಿಕ್ ಕೆಪಾಸಿಟರನ್ನು, ಕಾಲುಗಳನ್ನು ಆದಷ್ಟು ಗಿಡ್ಡವಾಗಿ ಕತ್ತರಿಸಿ ಬೆಸುಗೆ ಹಾಕಿ. ರೆಡಿಮೇಡ್ ಬ್ರಿಜ್ ಆಗಿದ್ದರೆ ಪ್ರತಿ ಎಸಿ ಕಾಲಿನಿಂದ + ಕಾಲಿಗೆ ಒಂದು, − ಕಾಲಿಗೆ ಒಂದು, ಹೀಗೆ ಬೋರ್ಡಿನ ಕೆಳಗಡೆಯಿಂದ ಹಾಕಬಹುದು.